ಕುರ್ತಕೋಟಿ ಡಬ್ಬಿಯ ತಕರಾರುಗಳು

ಬೆಟಗೇರಿಯ ನಮ್ಮ ಅಂಗಡಿಯಲ್ಲಿ ಸೀದಾ ನಡೆದ ಕೆಲಸ ಅಂತ ಒಂದೂ ಇಲ್ಲ. ಅಪ್ಪಿತಪ್ಪಿ ನಡೆದರೆ ನಮಗೇ ಅನುಮಾನ ಬಂದು ಮತ್ತೊಮ್ಮೆ ಬಿಚ್ಚಿ ನೋಡುತ್ತೇವೆ. ನಾವೆಂದರೆ ಇಬ್ಬರೇ: ಜೀವಮಾನವೆಲ್ಲ ಮೋಟರ್ ವೈಂಡಿಂಗ್ ಮಾಡಿದ ಚಾಚಾ, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಬಿಟ್ಟು ಬಂದ ನಾನು. ನಾವು ಮಾಡಿದ್ದು ಅಂಗೈಯಗಲದ ಒಂದು ಡಬ್ಬಿ. ಅದರಲ್ಲಿ ಉಗುರಿನಷ್ಟು ಚಿಪ್ಪು, ಚಿಪ್ಪಿನೊಳಗೆ ನಾನು ಬರೆದ ಪ್ರೋಗ್ರಾಮು. ಹೊಲಕ್ಕೆ ತ್ರೀ-ಫೇಸ್ ಕರೆಂಟು ಬಂದ ಕೂಡಲೇ ಪಂಪು ಚಾಲೂ ಮಾಡಿ, ಮಾಲೀಕರ ಮೊಬೈಲಿಗೆ ಮೆಸೇಜು ಕಳಿಸುವುದು ಅದರ ಕೆಲಸ.

ಲಕ್ಷ್ಮೇಶ್ವರದಲ್ಲಿ ಪಂಪು ಮಾರುವ ಸಾಹುಕಾರರು ಡಬ್ಬಿ ನೋಡಿ ಒಂದು ಮಾತು ಹೇಳಿದರು. "ಕುರ್ತಕೋಟ್ಯಾಗ ನಮ್ಮ ಬೀಗರ ಹೊಲ ಐತಿ. ಅಲ್ಲಿ ಎರಡು ತಿಂಗಳ ಒಂದು ದಿನಾನೂ ನಿಲ್ಲದಂಗ ಓಡಿಸಿ ತೋರಸ್ರಿ. ಐವತ್ತು ಡಬ್ಬಿ ತಗೊಂಡು ನನ್ನ ಅಂಗಡ್ಯಾಗ ಇಡ್ತೀನಿ."

ಓಡದಿದ್ದರೆ ನಾನು ಮತ್ತೆ ಕಾಲೇಜಿನ ಬಾಗಿಲು ತಟ್ಟಬೇಕು. ಬಿಟ್ಟು ಬರುವಾಗ ಪ್ರಿನ್ಸಿಪಾಲರ ಎದುರು ನಾನು ಆಡಿದ ಮಾತು ನೆನೆದರೆ, ಆ ಬಾಗಿಲು ತೆರೆಯುವ ಹಾಗಿರಲಿಲ್ಲ.

೧. ಕಣ್ಣೆದುರಿನ ಫೈಲು

ಹಳೇ ಲ್ಯಾಪ್‌ಟಾಪೊಂದನ್ನು ಕೊಂಡು ತಂದ ದಿನ ಊದುಬತ್ತಿ ಹಚ್ಚಿ, ಕಾಯಿ ಒಡೆದು, ಮೊದಲ ಫೋಲ್ಡರಿಗೆ ಕನ್ನಡದಲ್ಲಿ 'ಶ್ರೀ' ಅಂತ ಹೆಸರಿಟ್ಟೆ. ಹೊಸ ನೋಟುಬುಕ್ಕಿನ ನೆತ್ತಿಯ ಮೇಲೆ ಅದನ್ನೇ ಬರೆದು ಬೆಳೆದವಳು ನಾನು. ಪ್ರೋಗ್ರಾಮನ್ನೆಲ್ಲ ಅದರೊಳಗೇ ಇಟ್ಟೆ.

ಬರೆದದ್ದನ್ನು ಚಿಪ್ಪಿಗೆ ತಿಳಿಯುವ ಹಾಗೆ ಕಟ್ಟಿಕೊಡುವುದು ಕಂಪೈಲರಿನ ಕೆಲಸ. ಅದು 'ಫೈಲು ಇಲ್ಲ' ಅಂದಿತು. ಇದೆಯಲ್ಲ! ತೆರೆದು ನೋಡಿದೆ, ಇತ್ತು. ಕಂಪೈಲರ್ ಮತ್ತೆ ಇಲ್ಲ ಅಂದಿತು. ಎರಡು ದಿನ ಅದನ್ನು ಅಳಿಸಿ ಹಾಕಿದೆ, ಹೊಸ ಆವೃತ್ತಿ ತಂದೆ, ಹಳೆಯದು ತಂದೆ, ಕೊನೆಗೆ ಬಾಯಿಗೆ ಬಂದಂತೆ ಬೈದೆ.

ಕೀಬೋರ್ಡು ಮುಟ್ಟದ ಚಾಚಾ ಚಹಾ ಕುಡಿಯುತ್ತ ಬಗ್ಗಿ ನೋಡಿದರು. "ಬೇಟಿ, ಎಲ್ಲಾ ಇಂಗ್ಲೀಷಿನ್ಯಾಗ ಐತಿ. ಆ ಒಂದ ಹೆಸರ ಕನ್ನಡದಾಗ ಐತಿ. ಇದಕ್ಕ ಕನ್ನಡ ಬರ್ತೈತೇನು?"

ಬರುತ್ತಿರಲಿಲ್ಲ! ಇಂಗ್ಲಿಷಿನಲ್ಲಿ ಹೆಸರು ಬದಲಿಸಿದ್ದೇ ತಡ, ಒಂದೇ ಉಸಿರಿಗೆ ಕಟ್ಟಿ ಮುಗಿಸಿತು. ನಾನು ಕುರ್ಚಿಯಿಂದ ಎದ್ದು ಕುಣಿದೆ. ಆದರೂ ದೇವರನ್ನು ತೆಗೆದುಹಾಕಿದ ಅಳುಕು ಇತ್ತಲ್ಲ, ಲ್ಯಾಪ್‌ಟಾಪಿನ ಬೆನ್ನಿನ ಮೇಲೆ ಕುಂಕುಮದಲ್ಲಿ 'ಶ್ರೀ' ಬರೆದೆ.

"ಹಾಂ, ಅಲ್ಲೆ ಬರಿ," ಅಂದರು ಚಾಚಾ. "ಬೆನ್ನ ಹಿಂದ ಇದ್ದದ್ದು ಅದಕ್ಕ ಕಾಣಂಗಿಲ್ಲ."

೨. ನಮಸ್ಕಾರದ ಮಹಿಮೆ

ಪರೀಕ್ಷೆಗೆಂದು ನಾನು ಬರೆದುಕೊಂಡಿದ್ದ ಮೆಸೇಜು 'ಲೇ ಏಳೋ, ಕರೆಂಟ್ ಬಂತು' ಎಂದಿತ್ತು. ಕುರ್ತಕೋಟಿಗೆ ಹೊರಡುವ ಮುಂಚೆ ಅದನ್ನು 'ನಮಸ್ಕಾರ, ವಿದ್ಯುತ್ ಬಂದಿದೆ' ಎಂದು ತಿದ್ದಿ, ಕಟ್ಟು ಅಂದೆ. 'ಹೊಸದೇನೂ ಇಲ್ಲ, ಕಟ್ಟುವ ಅಗತ್ಯವಿಲ್ಲ' ಎಂಬ ಉತ್ತರ ಬಂತು. ಎಷ್ಟು ಚುರುಕಪ್ಪ ಅಂದುಕೊಂಡು ಡಬ್ಬಿ ಮುಚ್ಚಿದೆ.

ಆಗಿದ್ದು ಇಷ್ಟು. ಲ್ಯಾಪ್‌ಟಾಪಿನ ಸೆಲ್ಲು ಸತ್ತು ಗಡಿಯಾರ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು. ಈಗಷ್ಟೇ ತಿದ್ದಿದ ಫೈಲು ಕಂಪೈಲರಿನ ಕಣ್ಣಿಗೆ ಹತ್ತು ವರ್ಷ ಹಳೆಯದು. ಹಾಗಾಗಿ ಅದನ್ನು ಬಿಟ್ಟು, ಮೊದಲು ಕಟ್ಟಿದ್ದನ್ನೇ ಚಿಪ್ಪಿಗೆ ತುಂಬಿತ್ತು.

ಹೊಲದ ಮಾಲೀಕರು, ಅಂದರೆ ಸಾಹುಕಾರರ ಬೀಗರು, ಊರಿಗೇ ದೊಡ್ಡ ಗೌಡರು. ಮಧ್ಯಾಹ್ನ ಉಂಡು ಅಡ್ಡಾಗಿದ್ದಾಗ ಮೊಬೈಲು ಟಣ್ ಎಂದಿದೆ. ಕೂಡಲೇ ನನಗೆ ಫೋನು. "ಯಾರವಾ ನನಗ ಲೇ ಅನ್ನಾಕಿ? ನಮ್ಮಪ್ಪ ಹೋದ ಮ್ಯಾಲೆ ಯಾರೂ ಅಂದಿಲ್ಲ!"

ಎದ್ದೆನೋ ಬಿದ್ದೆನೋ ಎಂದು ಓಡಿ ಹೋಗಿ ತಿದ್ದಿ ಬಂದೆ. ವಾರದೊಳಗೆ ಗೌಡರ ಫೋನು ಮತ್ತೆ ಬಂತು. ಈ ಸಲ ದನಿ ತಗ್ಗಿತ್ತು.

"ಈ ನಮಸ್ಕಾರ ಬ್ಯಾಡವಾ. ಬ್ಯಾಂಕಿನವರದು ಅಂತ ತಿಳದು ಮತ್ತ ಮಲಗಿಬಿಡ್ತೀನಿ, ಕಾಲುವ್ಯಾಗ ನೀರ ತಿರುವವರ ಇಲ್ಲ. ಲೇ ಅಂದಾಗ ದಿಗ್ಗನ ಎದ್ದು ನಿಂತಿದ್ದೆ. ಅದನ್ನ ಹಾಕು. ಮನ್ಯಾಗ ಹೇಳಬ್ಯಾಡ ಅಷ್ಟ."

೩. ಕರಿ ಚುಕ್ಕಿ

ಮೊದಲ ತಿಂಗಳು ಒಂದು ದಿನ ಡಬ್ಬಿ ಬೆಳಗ್ಗೆ ಏಳಕ್ಕೆ ಸತ್ತು, ಮರುದಿನ ಏಳಕ್ಕೆ ತಾನಾಗಿ ಬದುಕಿತು. ಇಪ್ಪತ್ತೊಂಬತ್ತು ದಿನ ಬಿಟ್ಟು ಎರಡನೆಯ ತಿಂಗಳೂ ಅದೇ. ಸಾಹುಕಾರರು, "ಇನ್ನೊಮ್ಮೆ ನಿಂತ್ರ ನಿಮ್ಮ ಡಬ್ಬಿ ನೀವ ತಗೊಂಡ ಹೋಗ್ರಿ," ಅಂದುಬಿಟ್ಟರು.

ಇಪ್ಪತ್ತೊಂಬತ್ತು ದಿನಕ್ಕೊಮ್ಮೆ ತುಂಬಿ ಸೊನ್ನೆಗೆ ಇಳಿಯುವ ಎಣಿಕೆ ಎಲ್ಲಾದರೂ ಅಡಗಿದೆಯೇ ಎಂದು ಸಾಲು ಸಾಲು ಜಾಲಾಡಿದೆ. ಏನೂ ಸಿಗಲಿಲ್ಲ. ಚಾಚಾ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, "ಎರಡೂ ದಿನಕ್ಕ ಕರಿ ಚುಕ್ಕಿ ಐತಿ ಬೇಟಿ. ಅಮಾಸಿ," ಅಂದರು.

"ಪ್ರೋಗ್ರಾಮಿಗೆ ಅಮಾವಾಸ್ಯೆ ಗೊತ್ತಿಲ್ಲ ಚಾಚಾ!" ಎಂದು ರೇಗಿದೆ.

ಮುಂದಿನ ಅಮಾವಾಸ್ಯೆಗೆ ನಾನು, ಚಾಚಾ, ಸಾಹುಕಾರರು ಮೂವರೂ ಪಂಪಿನ ಮನೆಯೆದುರು ಕಾದು ಕೂತೆವು. ಏಳು ಗಂಟೆಗೆ ಗೌಡರ ತಾಯಿ ಆರತಿ ತಟ್ಟೆ ಹಿಡಿದು ಬಂದರು. ಡಬ್ಬಿಗೆ ಕುಂಕುಮ ಹಚ್ಚಿದರು, ಕಾಯಿ ಒಡೆದರು. ಆಮೇಲೆ ಫ್ಯೂಜು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡರು!

"ಅಜ್ಜಿ, ಯಾಕ್ರಿ?" ಎಂದು ಕಿರುಚಿದೆ.

"ಅಮಾಸಿ ದಿನ ಎತ್ತಿನ ಕೊಳ್ಳಿಗೆ ನೊಗ ಹಾಕಂಗಿಲ್ಲ. ತಿಂಗಳಿಡೀ ದುಡಿತೈತಿ, ಇದಕ್ಕೂ ಒಂದ ದಿನ ರಜಾ ಬ್ಯಾಡೇನು?"

ನನ್ನ ಪ್ರೋಗ್ರಾಮು ನಿರಪರಾಧಿ! ಖುಷಿಗೆ ಅಜ್ಜಿಯನ್ನು ತಬ್ಬಿಕೊಂಡೆ. ಸಾಹುಕಾರರು ಗಡ್ಡ ಕೆರೆದುಕೊಂಡು, "ಎಲ್ಲಾ ಮನ್ಯಾಗೂ ಇಂಥಾ ಅಜ್ಜಿ ಇರ್ತಾರ. ಅಮಾಸಿಗೆ ತಾನ ರಜಾ ತಗೊಳ್ಳಂಗ ಮಾಡಾಕ ಬರ್ತೈತೇನು? ಮುಂದಿನ ಅಮಾಸಿಗೆ ತೋರಸ್ರಿ, ಐವತ್ತೂ ನಾನ ತಗೋತೀನಿ," ಅಂದರು.

ಪಂಚಾಂಗ ತರಿಸಿ ವರ್ಷದ ಅಮಾವಾಸ್ಯೆಗಳನ್ನೆಲ್ಲ ಚಿಪ್ಪಿಗೆ ತುಂಬಿದೆ. ಆ ದಿನ ಮತ್ತೆ ಮೂವರೂ ಹೋದೆವು. ಏಳು ಹೊಡೆಯಿತು, ಪಂಪು ತಾನಾಗಿ ಗಪ್ಪಾಯಿತು! ನಾನು ಚಪ್ಪಾಳೆ ತಟ್ಟಿದೆ. ಸಾಹುಕಾರರು, "ಆತು, ಐವತ್ತು ಕಳಸ್ರಿ," ಅಂದರು.

ಅಷ್ಟರಲ್ಲಿ ಅಜ್ಜಿ ಬಂದರು, ಬರಿಗೈಯಲ್ಲಿ.

"ಇವತ್ತ್ಯಾಕ ಇದು ಸುಮ್ನ ಕುಂತೈತಿ?"

"ಇವತ್ತು ಅಮಾಸಿ ಅಲ್ರಿ ಅಜ್ಜಿ?"

"ನಮ್ಮ ಪಂಚಾಂಗದಾಗ ನಾಳಿ ಐತಿ. ಎಬ್ಬಸು ಅದನ್ನ! ಇವತ್ತ ಬಿಟ್ರ, ಹುಣ್ಣಿಮಿಗೂ ರಜಾ ಕೇಳ್ತೈತಿ."