ಲಾಡಿ ಕಟ್ಟಿದ ಸ್ಪೋರ್ಟ್ಸ್ ಕಾರು

ನಾನು ಅಳತೆ ತೆಗೆದು ಹೊಲಿದದ್ದು ಮೈಗೆ ಕೂರಲಿಲ್ಲ ಎಂದು ಹೇಳುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ಹುಟ್ಟಿದ್ದರೂ ನನ್ನೆದುರು ಬಂದು ಹೇಳುವ ಧೈರ್ಯ ಮಾಡಿಲ್ಲ. ಗೂನು ಬೆನ್ನಿನವರಿಗೆ ಕೋಟು ಹೊಲಿದು ನೆಟ್ಟಗೆ ನಿಲ್ಲಿಸಿದ್ದೇನೆ. ಒಂದು ಭುಜ ಆಕಾಶಕ್ಕೆ, ಇನ್ನೊಂದು ಪಾತಾಳಕ್ಕೆ ಹೋಗಿದ್ದ ಮೇಷ್ಟರಿಗೆ ಎರಡೂ ಭುಜ ಸಮ ಮಾಡಿಕೊಟ್ಟಿದ್ದೇನೆ. ಅಂಥವಳು ನಾನು, ಅಳಿಯನ ಕೆಂಪು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ಶಪಥ ಮಾಡಿದೆ: "ಈ ಕಾರನ್ನ ನಿಮ್ಮ ಮಾವನ ಮೈಗೆ ಸರಿಯಾಗಿ ಕೂರಿಸದೇ ಇದ್ರೆ ನಾನು ಟೈಲರಮ್ಮನೇ ಅಲ್ಲ!"

"ಅತ್ತೆ, ಸ್ವಲ್ಪ ಕೈ ತೆಗೀರಿ, ನಿನ್ನೆ ತಾನೆ ಪಾಲಿಷ್ ಮಾಡ್ಸಿದೀನಿ" ಎಂದ ಅಳಿಯ.

ಮಹಾ ಶಪಥಗಳಿಗೆ ಇಂಥ ಅಡ್ಡಿಗಳು ಇದ್ದದ್ದೇ. ಇರಲಿ. ಮೊಮ್ಮಗಳು ಪೆನ್ನು ಹಿಡಿದು ಕೂತಿದ್ದಾಳೆ, ನಾನು ಹೇಳಿದ ಹಾಗೆಯೇ ಬರೆಯುತ್ತಾಳಂತೆ. ಮೊದಲಿನಿಂದ ಹೇಳುತ್ತೇನೆ.

ನಮ್ಮ ಯಜಮಾನರು ಎತ್ತರ. ಎತ್ತರ ಎಂದರೆ ಅಂತಿಂಥ ಎತ್ತರವಲ್ಲ, ಬೀದಿಯವರು ಪ್ರೀತಿಯಿಂದ ಇಟ್ಟ ಹೆಸರೇ 'ಲೈಟ್‌ಕಂಬ'. ನಮ್ಮ ಮದುವೆಯ ಫೋಟೋದಲ್ಲಿ ನಾನು ಪೂರ್ತಿ ಬಂದಿದ್ದೇನೆ, ಅವರು ಗಲ್ಲದವರೆಗೆ ಬಂದಿದ್ದಾರೆ. ಇವರ ಮುಖ ಹೇಗಿದೆ ಎಂದು ನನ್ನ ದೊಡ್ಡಮ್ಮ ಬಹಳ ದಿನ ಕೇಳುತ್ತಿದ್ದಳು, ಪಾಪ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಕಟ್ಟಿದವನು ಇವರನ್ನು ಕಂಡಿರಲಿಲ್ಲ ಬಿಡಿ. ನಮ್ಮ ಮಂಚದ ತುದಿಗೆ ಒಂದು ಬೆಂಚು ಜೋಡಿಸಿದ ಮೇಲೆಯೇ ಇವರ ಪಾದಗಳಿಗೆ ನಿದ್ದೆ. ಹಾಗೆಂದು ದೂರುತ್ತಿಲ್ಲ. ಫ್ಯಾನು ಒರೆಸಲು ನಮ್ಮ ಮನೆಯಲ್ಲಿ ಏಣಿ ಬೇಕಿಲ್ಲ. ಮೇಲಿನ ಗೂಡಿನಲ್ಲಿರುವ ಸಕ್ಕರೆ ಡಬ್ಬ ಇಳಿಸಲು "ರೀ" ಎಂದರೆ ಸಾಕು, ಡಬ್ಬ ತಾನಾಗಿ ಇಳಿದು ಬರುತ್ತದೆ. ಇಷ್ಟು ಸೌಕರ್ಯ ಯಾವ ಹೆಂಡತಿಗೆ ಉಂಟು?

ಇವರು ದೂರದೂರಿನ ಬಸ್ಸಿನ ಡ್ರೈವರ್ ಆಗಿದ್ದವರು. ಬಸ್ಸಿನ ಸೀಟು ಸಿಂಹಾಸನದ ಹಾಗೆ ಎತ್ತರ, ಕಾಲು ಚಾಚಲು ಒಂದು ಅಂಗಳದಷ್ಟು ಜಾಗ. ನಿವೃತ್ತಿಯಾದ ಮೇಲೆ ನನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಿದವರಲ್ಲ. ಅಳಿಯ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ ದಿನ ಮಾತ್ರ ಇವರ ಕಣ್ಣು ಮಿಣಮಿಣ ಅಂದಿತು. ಎರಡೇ ಸೀಟು, ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ ಮೊಸಳೆಯ ಹಾಗಿತ್ತು.

"ಒಂದ್ಸಲ ಇದನ್ನ ಸಮುದ್ರದ ತನಕ ಓಡಿಸ್ಬೇಕು ಕಣೇ. ನೀನೂ ಬರ್ಬೇಕು" ಎಂದರು.

ಅದೇ ವಾರ ಇವರ ಮೊಣಕಾಲು ನೋವು ನೋಡುತ್ತಿದ್ದ ಡಾಕ್ಟರು ಹೇಳಿದರು: "ಮುಂದಿನ ತಿಂಗಳು ಆಪರೇಷನ್. ಆಮೇಲೆ ದೂರದ ಡ್ರೈವಿಂಗ್ ಎಲ್ಲ ಮರೆತ್‌ಬಿಡಿ ತಾತ. ಅಲ್ಲೀವರೆಗೂ ಓಡಿಸೋದಾದ್ರೆ ಆಗಾಗ ನಿಲ್ಲಿಸಿ, ಇಳಿದು ನಾಲ್ಕು ಹೆಜ್ಜೆ ನಡೀರಿ."

ಅಂದರೆ ಈಗ ಇಲ್ಲವಾದರೆ ಇನ್ನೆಂದೂ ಇಲ್ಲ. ಅಳಿಯ ಬಂಗಾರದಂಥವನು, ಕೇಳುವ ಮೊದಲೇ ಕೀಲಿ ಕೈಗಿಟ್ಟ. "ಕೂತ್ಕೊಳ್ಳಿ ಮಾವ, ನೋಡೋಣ" ಎಂದ.

ಕೂರುವುದು! ಏಣಿಯನ್ನು ಚಪ್ಪಲಿ ಡಬ್ಬದಲ್ಲಿ ಇಡುವುದನ್ನು ನೋಡಿದ್ದೀರಾ? ಮೊದಲು ಎಡಗಾಲು ಹೋಯಿತು. ಆಮೇಲೆ ಸೊಂಟ. ತಲೆ ಮಾತ್ರ ಬಹಳ ಹೊತ್ತು ಹೊರಗೇ ನಿಂತು ಒಳಗೆ ಜಾಗವಿದೆಯೇ ಎಂದು ಯೋಚಿಸುತ್ತಿತ್ತು. ಕೊನೆಗೆ ಎಲ್ಲವೂ ಒಳಗೆ ಸೇರಿದಾಗ ನೆತ್ತಿ ಛಾವಣಿಗೆ, ಗಲ್ಲ ಎದೆಗೆ, ಮೊಣಕಾಲುಗಳು ಸ್ಟೀರಿಂಗಿನ ಎರಡೂ ಕಡೆ ಕಿವಿಗಳ ಹಾಗೆ ನಿಂತಿದ್ದವು.

"ಸೀಟು ಇನ್ನೂ ಹಿಂದಕ್ಕೆ ಹೋಗಲ್ವೇನಪ್ಪಾ?" ಎಂದೆ.

"ಇದೇ ಕೊನೆ ಅತ್ತೆ. ಕೆಳಗೂ ಇದೇ ಕೊನೆ."

"ಆರಾಮಾಗೇ ಇದೆ" ಎಂದರು ಇವರು, ಎದೆಯೊಳಗಿನಿಂದ. ಆಮೇಲೆ ಮೆಲ್ಲಗೆ ಇಳಿದು, ಬಾಗಿಲು ಮುಚ್ಚಿ, ಅದರ ಮೇಲೊಮ್ಮೆ ಕೈಯಾಡಿಸಿ, "ಬಿಡು, ನೋಡಿದ್ದೇ ಸಾಕು" ಎಂದರು.

ಆ 'ಸಾಕು' ನನಗೆ ಸೂಜಿಯ ಹಾಗೆ ಚುಚ್ಚಿತು ನೋಡಿ! ಆಗಲೇ ನಾನು ಬಾನೆಟ್ಟಿನ ಮೇಲೆ ಕೈಯಿಟ್ಟದ್ದು.

ಸೀಟಿನ ಕುಶನ್ ಒಂದನ್ನು ಮಾತ್ರ ಮುಟ್ಟಬಹುದು ಎಂದು ಅಳಿಯ ಅಪ್ಪಣೆ ಕೊಟ್ಟು, ಕೊಕ್ಕೆ ಬಿಚ್ಚಿ ತೆಗೆದುಕೊಟ್ಟ. ಆನೆ ಮರಿಯಷ್ಟು ದಪ್ಪ ಇತ್ತು. ಅದರ ಬದಲು ತೆಳುವಾದ ಗಟ್ಟಿ ಫೋಮು ಕತ್ತರಿಸಿ ಹೊಸ ಕುಶನ್ ಮಾಡಿದೆ. ತೊಡೆಯ ಕೆಳಗೆ ಆನಿಸಲು ಒಂದು ಸುರುಳಿ. ಸೊಂಟಕ್ಕೆ ಒಂದು ಪುಟ್ಟ ದಿಂಬು. ಬಾಗಿಲಿಗೆ ಮೊಣಕಾಲು ತಗುಲುವ ಕಡೆ ಒಂದು ಮೆತ್ತೆ. ಕುಶನ್ ಅಲುಗದಂತೆ ನಾಲ್ಕು ಮೂಲೆಗೂ ಲಾಡಿ ಹೊಲಿದು ಸೀಟಿಗೆ ಬಿಗಿದೆ.

"ಅಜ್ಜಿ, ಕಾರಿಗೆ ಲಾಡಿನಾ?" ಎಂದು ಇದೇ ಮೊಮ್ಮಗಳು ನಕ್ಕಳು. ಹೌದಮ್ಮ, ನಕ್ಕಿದ್ದನ್ನೂ ಬರೆ.

ಇನ್ನು ಬಟ್ಟೆ. ಒಳ್ಳೆಯ ಕೋಟಿನ ಗುಟ್ಟು ಒಳಗಿನ ಲೈನಿಂಗಿನಲ್ಲಿರುತ್ತದೆ. ಒಳಗಡೆ ನುಣ್ಣಗಿದ್ದರೆ ತೋಳು ತಾನಾಗಿ ಜಾರಿ ಹೋಗುತ್ತದೆ. ಮುದುಕರು, ಮೊಣಕಾಲು ನೋವು, ಸೀಟಿಗೆ ಸುಲಭವಾಗಿ ಜಾರಿ ಕೂರಲಿ ಎಂದು ಪೆಟ್ಟಿಗೆಯಲ್ಲಿದ್ದ ಅತ್ಯುತ್ತಮ ಸ್ಯಾಟಿನ್ ತೆಗೆದು ಕವರ್ ಹೊಲಿದೆ. ಅಂಗಳದಲ್ಲಿ ಟ್ರಯಲ್ ಆಯಿತು. ಸರ್ರನೆ ಒಳಗೆ ಹೋದರು! ತಲೆಗೂ ಛಾವಣಿಗೂ ನಡುವೆ ಎರಡು ಬೆರಳು ಜಾಗ! "ಭಲೇ ಅತ್ತೆ!" ಎಂದ ಅಳಿಯ. ನಾನು ಟೇಪನ್ನು ಕೊರಳಿಗೆ ಹಾಕಿಕೊಂಡು ವಿಜಯಮಾಲೆಯ ಹಾಗೆ ಬೀದಿಯುದ್ದಕ್ಕೂ ತೋರಿಸಿಕೊಂಡು ಬಂದೆ.

ಟ್ರಯಲ್ಲಿನಲ್ಲಿ ಕಾರು ನಿಂತಿತ್ತು ಎಂಬ ಸಣ್ಣ ಸಂಗತಿ ಯಾರಿಗೂ ಹೊಳೆಯಲಿಲ್ಲ.

ಬೆಳಗ್ಗೆ ಹೊರಟೆವು. ಊರು ದಾಟುವವರೆಗೂ ಸುಖ. ಆಮೇಲೆ ರಸ್ತೆಗೆ ಒಂದು ನಾಯಿ ಅಡ್ಡ ಬಂತು, ಇವರು ಬ್ರೇಕು ಒತ್ತಿದರು. ಕಾರು ನಿಂತಿತು. ಇವರು ನಿಲ್ಲಲಿಲ್ಲ! ಸ್ಯಾಟಿನ್ ಮೇಲೆ ಸೊಯ್ಯನೆ ಜಾರಿ, ಬೆಲ್ಟಿನ ಕೆಳಗಿನಿಂದ ನುಸುಳಿ, ಮೊಣಕಾಲು ಮುಂದಕ್ಕೆ ಬಡಿದು, ಮೂಗು ಸ್ಟೀರಿಂಗಿನ ಸಮಕ್ಕೆ ಬಂದಿತ್ತು.

"ರೀ, ಎಲ್ಲೋದ್ರಿ?"

"ಇಲ್ಲೇ ಕೆಳಗಿದೀನಿ."

"ಬೇಕಂತ ಹೋದ್ರಾ?"

"ಹೌದು, ಪೆಡಲ್ ಚೆನ್ನಾಗಿದ್ಯಾ ಅಂತ ನೋಡೋಕೆ!"

ಮತ್ತೆ ಮೇಲೇರಿ ಕೂತರು. ತಗ್ಗು ಬಂದರೆ ಜಾರಿದರು. ತಿರುವು ಬಂದರೆ ನನ್ನ ಕಡೆ ಜಾರಿದರು. ಮದುವೆಯಾದಾಗಿನಿಂದ ಇಷ್ಟು ಸಲ ನನ್ನ ಕಡೆ ವಾಲಿದವರಲ್ಲ, ನನಗೂ ನಾಚಿಕೆಯಾಯಿತು. ಚಹಾ ಕುಡಿಯಲು ನಿಲ್ಲಿಸಿದಾಗ ಇಳಿದು ನಡೆದಾಡಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ಬಾಯಿಬಿಟ್ಟು ಒಂದು ದೂರು ಇಲ್ಲ. ನನಗೆ ತಡೆಯಲಾಗಲಿಲ್ಲ. ಸೂಜಿ ದಾರ ಇಲ್ಲದೆ ನಾನು ಹೊಸ್ತಿಲು ದಾಟುವವಳಲ್ಲ.

"ಕೂತ್ಕೊಳ್ರೀ ಸೀಟಲ್ಲಿ, ಒಂದು ಉಪಾಯ ಇದೆ."

"ನಿನ್ನ ಉಪಾಯ ಅಂದ್ರೆ ನಂಗೆ ಭಯ ಕಣೇ."

"ಜಾರೋ ಬಟ್ಟೆಗೆ ಟೈಲರ್ ಏನ್ಮಾಡ್ತಾನೆ? ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸ್ತಾನೆ. ಅಲುಗಾಡ್ಬೇಡಿ!"

ಹೀಗೆ ಇವರ ಪ್ಯಾಂಟನ್ನು ಎರಡೂ ಬದಿಗೆ ಕುಶನ್ನಿಗೆ ಸೇರಿಸಿ ಹೊಲಿದುಬಿಟ್ಟೆ. ಜೋಡಿ ದಾರ. ಗಂಡನ ವಿಷಯದಲ್ಲಿ ಒಂಟಿ ದಾರ ನಂಬುವವಳಲ್ಲ ನಾನು.

ಇನ್ನೊಂದು ಊರು ಬಂತು, ಸಿಗ್ನಲ್ಲು ಬಂತು. ಎತ್ತರದವರಿಗೆ ಇಂಥ ಕಾರಿನಲ್ಲಿ ಇದೊಂದು ಕಷ್ಟ. ಕಣ್ಣು ಗಾಜಿನ ಮೇಲಂಚಿಗೆ ಬರುವುದರಿಂದ, ಗೆರೆಯ ಹತ್ತಿರ ನಿಂತರೆ ಛಾವಣಿ ಅಡ್ಡ ಬಂದು ಮೇಲಿನ ದೀಪವೇ ಕಾಣುವುದಿಲ್ಲ. ಅದಕ್ಕೇ ಇವರು ಗೆರೆಗಿಂತ ಎರಡು ಲಾರಿಯಷ್ಟು ಹಿಂದೆಯೇ ನಿಲ್ಲಿಸಿದರು. ಹಿಂದಿನವರ ಹಾರನ್ನು ಶುರುವಾಯಿತು. ಪೊಲೀಸಮ್ಮ ಬಂದು ಕಿಟಕಿಗೆ ಬಗ್ಗಿದಳು.

"ಏನ್ ತಾತ, ಗೆರೆ ಅಲ್ಲಿದೆ, ನೀವು ಇಲ್ಲಿದೀರಿ?"

"ಅಲ್ಲಿ ನಿಂತ್ರೆ ದೀಪ ಕಾಣಲ್ಲಮ್ಮ."

"ಹಾಗಂದ್ರೆ ಹೇಗೆ? ಸ್ವಲ್ಪ ಕೆಳಗಿಳೀರಿ."

"ಆಗಲ್ಲಮ್ಮ."

"ಯಾಕೆ ಆಗಲ್ಲ?"

"ಹೊಲಿದಿದಾರೆ."

"ಏನನ್ನ ಹೊಲಿದಿದಾರೆ?"

"ನನ್ನನ್ನೇ."

ಪೊಲೀಸಮ್ಮ ನನ್ನ ಕಡೆ ನೋಡಿದಳು. ಸಮಾಧಾನ ಹೇಳುವುದು ನನ್ನ ಧರ್ಮವಲ್ಲವೇ? "ಕಚ್ಚಾ ಹೊಲಿಗೆ ಅಷ್ಟೇ ಕಣಮ್ಮ, ಪಕ್ಕಾ ಹೊಲಿಗೆ ಅಲ್ಲ!" ಎಂದೆ.

"ಮೊದ್ಲು ಗಾಡಿ ಪಕ್ಕಕ್ಕೆ ಹಾಕಿ. ಆಮೇಲೆ ಇಳೀರಿ" ಎಂದಳು, ಗಟ್ಟಿಯಾಗಿ.

ಕಾನೂನಿಗೆ ಎದುರಾಡುವವರಲ್ಲ ಇವರು. ಪಕ್ಕಕ್ಕೆ ಹಾಕಿ, ಬಲಗಾಲು ಹೊರಗಿಟ್ಟು, ನೆಲಕ್ಕೆ ಕೈಯೂರಿ, ಉಸಿರು ಬಿಗಿಹಿಡಿದು ಎದ್ದರು. ನನ್ನ ಹೊಲಿಗೆ ಬಿಡಲಿಲ್ಲ. ಲಾಡಿ ಬಿಟ್ಟಿತು! ರಸ್ತೆಯ ಪಕ್ಕದಲ್ಲಿ ನಮ್ಮ ಲೈಟ್‌ಕಂಬ ನೆಟ್ಟಗೆ ನಿಂತಿತು, ಹಿಂದೆ ಹೊಳೆಯುವ ಸ್ಯಾಟಿನ್ ಕುಶನ್ನು ನಾಲ್ಕು ಲಾಡಿಗಳ ಸಮೇತ ಜೋತಾಡುತ್ತಿತ್ತು. ಹಾರನ್ನುಗಳು ಒಮ್ಮೆಲೇ ನಿಂತವು. ಆಮೇಲೆ ಇಡೀ ರಸ್ತೆ ನಕ್ಕಿತು.

ಪೊಲೀಸಮ್ಮ ಒಂದು ಸುತ್ತು ಬಂದು ನೋಡಿದಳು. "ಯಾರಜ್ಜಿ ಹೊಲಿದಿದ್ದು?"

"ನಾನೇ."

"ಗಟ್ಟಿಯಾಗಿದೆ" ಎಂದಳು. ಇಷ್ಟು ವರ್ಷದ ಕಸುಬಿನಲ್ಲಿ ಹೊಗಳಿಕೆ ಕೇಳಿ ತಲೆ ತಗ್ಗಿಸಿದ್ದು ಅದೊಂದೇ ಸಲ. ತಾಯಿ, ನಿನ್ನ ಹೊಟ್ಟೆ ತಣ್ಣಗಿರಲಿ. ಬೈಯದೆ, ನಗು ತಡೆದುಕೊಂಡು, ಜನರನ್ನು ಚದುರಿಸಿ ನಮಗೆ ನೆರಳು ತೋರಿಸಿದಳು.

ಅಲ್ಲಿ ಕತ್ತರಿ ತೆಗೆದೆ. ಅವಸರ ಮಾಡಿದೆ. ದಾರದ ಜೊತೆ ಪ್ಯಾಂಟೂ ಎರಡು ಕಡೆ ಕತ್ತರಿಸಿಹೋಯಿತು! ಬೆಳಗಿನ ಚಳಿಗೆಂದು ಹಾಕಿಕೊಂಡಿದ್ದ ನನ್ನ ಉಣ್ಣೆಯ ಸ್ವೆಟರ್ ಬಿಚ್ಚಿ, ಅದರ ತೋಳುಗಳನ್ನು ಇವರ ಸೊಂಟಕ್ಕೆ ಕಟ್ಟಿ ಹಿಂದೆ ಮರೆ ಮಾಡಿದೆ. ಇವರು ಆ ಕೆಂಪು ಕಾರನ್ನೇ ನೋಡುತ್ತ ನಿಂತಿದ್ದರು.

"ಸಾಕು ಕಣೇ. ತಿರುಗಿಸ್ಕೊಂಡು ಮನೆಗೆ ಹೋಗೋಣ" ಎಂದರು.

ಮತ್ತದೇ 'ಸಾಕು'. ಈ ಸಲ ನಾನೇ ಹೊಲಿದುಕೊಟ್ಟದ್ದು. ಜೀವನದಲ್ಲಿ ಕೇಳಿದ ಒಂದೇ ಒಂದು ಆಸೆಯನ್ನು ನನ್ನ ಕೈಯಾರೆ ಕೆಡಿಸಿದೆನಲ್ಲ! ಹೋಗಿ ನನ್ನ ಸೀಟಿನಲ್ಲಿ ಕೂತೆ. ಇವರು ಕುಶನ್ನನ್ನು ನನ್ನ ಮಡಿಲಿಗೆ ಹಾಕಿ, ಬರೀ ಸೀಟಿನ ತಳದ ಮೇಲೆ, ಹಿಂದೆ ಕಟ್ಟಿದ ಸ್ವೆಟರಿನ ಮೇಲೆಯೇ ಕುಳಿತರು. ಕೀಲಿ ತಿರುಗಿಸಲಿಲ್ಲ.

"ಇದೇನೇ ಇದು!"

"ಸೂಜಿ ಚುಚ್ಚಿತಾ?"

"ಇಲ್ಲ ಕಣೇ! ತಲೆ ಇನ್ನೂ ಕೆಳಗೆ ಬಂತು. ಜಾರ್ತಾನೂ ಇಲ್ಲ. ಅಲ್ನೋಡು, ದೀಪ ಪೂರ್ತಿ ಕಾಣ್ತಿದೆ!"

ಒರಟು ಉಣ್ಣೆ, ಜಾರಲಿಲ್ಲ. ತೆಳುವಾಗಿತ್ತು, ಎತ್ತರಿಸಲಿಲ್ಲ. ವಾರಗಟ್ಟಲೆ ಅಳೆದು ಕತ್ತರಿಸಿ ಹೊಲಿದದ್ದು ಕೂರಲಿಲ್ಲ, ಮಾನ ಮುಚ್ಚಲು ಕಟ್ಟಿದ್ದು ಕೂತಿತು! ಇವರು ಗೆರೆಯ ಮೇಲೆ ಕರಾರುವಾಕ್ಕಾಗಿ ಕಾರು ನಿಲ್ಲಿಸಿದರು. ಹಸಿರು ಬಂತು. ಪೊಲೀಸಮ್ಮ ಸೆಲ್ಯೂಟ್ ಹೊಡೆದಳು. ಮನೆಯ ಕಡೆ ತಿರುಗಲಿಲ್ಲ, ನೇರ ಹೋದರು.

ಆಗಾಗ ನಿಲ್ಲಿಸಿದೆವು, ಇಳಿದು ನಡೆದೆವು. ಪ್ರತಿ ಸಲ ಇಳಿಯುವಾಗಲೂ ಒಂದು ಹೆರಿಗೆಯಷ್ಟು ಹೊತ್ತು ಹಿಡಿಯಿತು. ಆದರೂ ಬಿಸಿಲು ಇಳಿಯುವ ಮೊದಲು ಸಮುದ್ರ ಕಂಡಿತು. ಮರಳಿನ ಪಕ್ಕದ ಕಟ್ಟೆಯ ಮೇಲೆ ಕೂತೆವು. ಇವರು ಕಾಲುಗಳನ್ನು ಉದ್ದಕ್ಕೆ ಚಾಚಿದರು. ಸಮುದ್ರದ ಎದುರು ಯಾವ ಕಾಲೂ ಉದ್ದವಲ್ಲ. ಕೀಲಿ ಕೊಟ್ಟ ಅಳಿಯ, ನಗುತ್ತ ಬಿಟ್ಟ ಪೊಲೀಸಮ್ಮ, ಇಷ್ಟು ದೂರ ಮಡಿಸಿಕೊಂಡು ಬಂದ ಆ ಮೊಣಕಾಲು, ಎಲ್ಲಕ್ಕೂ ಮನಸ್ಸಿನಲ್ಲೇ ಕೈ ಮುಗಿದೆ.

"ಕುಶನ್ ಕೆಡಿಸಿದ್ದಕ್ಕೆ ಬೇಜಾರಾಯ್ತೇನ್ರೀ?" ಎಂದೆ.

"ಕುಶನ್ ಯಾರಿಗೆ ಬೇಕಿತ್ತೇ?" ಎಂದರು. "ಅಷ್ಟು ವರ್ಷ ಬಸ್ ಓಡಿಸ್ದೆ. ನೀನು ಹತ್ತಿದಾಗೆಲ್ಲ ಹಿಂದೆಲ್ಲೋ ಕೂತು ಯಾರ ಹತ್ರಾನೋ ಮಾತಾಡ್ತಾ ಇರ್ತಿದ್ದೆ. ಕನ್ನಡೀಲಿ ಬಾಯಿ ಅಲ್ಲಾಡೋದು ಕಾಣ್ತಿತ್ತು, ಏನು ಅಂತ ಕೇಳಿಸ್ತಿರ್ಲಿಲ್ಲ. ಎರಡೇ ಸೀಟಿನ ಗಾಡಿ ಅಂದ್ರೆ ನೀನು ನನ್ನ ಪಕ್ಕಾನೇ ಕೂರ್ಬೇಕಲ್ಲ. ಅದಕ್ಕೇ ಆಸೆ ಆಗಿದ್ದು."

ನನಗೆ ಕಣ್ಣು ತುಂಬಿ ಬಂತು. ಮೂಗು ಒರೆಸಿಕೊಂಡು ಕೇಳಿದೆ: "ಹಾಗಾದ್ರೆ ಇವತ್ತು ದಾರಿಯುದ್ದಕ್ಕೂ ನನ್ನ ಮಾತು ಕೇಳಿ ಖುಷಿ ಆಯ್ತಾ?"

ಇವರು ಮೊಣಕಾಲು ತಿಕ್ಕಿಕೊಳ್ಳುತ್ತ ಹೇಳಿದರು:

"ಬಸ್ಸಲ್ಲಿ ನನ್ನ ತಲೆ ಮೇಲೆ ಒಂದು ಬೋರ್ಡ್ ಇರ್ತಿತ್ತು, 'ಚಾಲಕರೊಂದಿಗೆ ಮಾತನಾಡಬೇಡಿ' ಅಂತ. ಅದನ್ನ ಯಾಕೆ ಹಾಕಿರ್ತಾರೆ ಅಂತ ಇವತ್ತು ಗೊತ್ತಾಯ್ತು ಕಣೇ!"