ಚಿನ್ನಿಯ ಮಂಡಿ, ಅತ್ತೆಯವರ ಒಪ್ಪಿಗೆ

ಎರಡು ಹೊತ್ತೂ ದೀಪ ಹಚ್ಚುವ ಮನೆಗೆ ಕಣ್ಣಿಗೆ ಕಾಣದವರೂ ನೆಂಟರೇ ಅಂತ ನನ್ನ ನಂಬಿಕೆ. ಚಿಂತಾಮಣಿಯ ನಮ್ಮ ಮನೆಗಂತೂ ಅವರು ಹೇಳದೆ ಕೇಳದೆ ಬಂದುಹೋಗುತ್ತಲೇ ಇರುತ್ತಾರೆ. ನಮ್ಮ ಪುಟ್ಟ ನಾಯಿ ಚಿನ್ನಿಗೆ ಮಂಡಿ ಆಪರೇಷನ್ ಮಾಡಿಸಬೇಕೋ ಬೇಡವೋ ಅಂತ ನಾವು ಒದ್ದಾಡಿದ ದಿನಗಳಲ್ಲಿ ಈ ಓಡಾಟ ಸ್ವಲ್ಪ ಹೆಚ್ಚೇ ಆಯಿತು.

ಮುಸ್ಸಂಜೆಯ ಹೆಜ್ಜೆ

ಅತ್ತೆಯವರಿಗೆ ಕೊನೆಗಾಲದಲ್ಲಿ ಬಲಮಂಡಿ ಹೋಗಿತ್ತು. ದೀಪದ ಹೊತ್ತಿಗೆ ಸರಿಯಾಗಿ ಕೋಲೂರಿಕೊಂಡು ಹಿಂದಿನ ಕೋಣೆಯಿಂದ ದೇವರ ಮನೆಗೆ ಬರುವರು: ಟಕ್, ಟಕ್, ಒಂದು ಬಿಡುವು, ಟಕ್. ಆಪರೇಷನ್ ಮಾತೆತ್ತಿದರೆ, "ಹುಟ್ಟುವಾಗ ತಂದ ಮಂಡೀಲೇ ಹೋಗ್ತೀನಿ ಕಣಪ್ಪ" ಅಂತ ಮಗನ ಬಾಯಿ ಮುಚ್ಚಿಸುವರು. ಹಾಗೇ ಹೋದರು.

ಅವರ ವರ್ಷದ ಕಾರ್ಯ ಮುಗಿದ ವಾರದಲ್ಲೇ ಗೇಟಿನೊಳಗೆ ಒಂದು ಬಿಳಿ ಮರಿ ನುಸುಳಿತು. ಯಾರೂ ಹುಡುಕಿಕೊಂಡು ಬರಲಿಲ್ಲ. ಅದೇ ಚಿನ್ನಿ. ಬೆಳೆಯುತ್ತ ಬೆಳೆಯುತ್ತ ಬಲ ಹಿಂಗಾಲು ಎತ್ತಿಕೊಂಡು ನಡೆಯತೊಡಗಿದಳು.

ಒಂದು ಸಂಜೆ ಕರೆಂಟು ಹೋಗಿತ್ತು. ನಾನು ಬತ್ತಿ ಹೊಸೆಯುತ್ತ ಕೂತಿದ್ದೆ. ಹಿಂದಿನ ಕೋಣೆಯಿಂದ ಟಕ್, ಟಕ್, ಒಂದು ಬಿಡುವು, ಟಕ್. ಕೈಯಲ್ಲಿದ್ದ ಬತ್ತಿ ಕೆಳಗೆ ಬಿತ್ತು. ಕತ್ತಲಿನಿಂದ ಬಂದವಳು ಚಿನ್ನಿ. ಸೀದಾ ದೇವರ ಮನೆ ಹೊಸ್ತಿಲ ಮುಂದೆ ಕೂತು, ಹಚ್ಚದ ದೀಪವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಥೇಟ್ ಅತ್ತೆಯವರ ನೋಟ.

ಹೆಪ್ಪಿಗೆ ಮೊಸರು ಕೇಳಲು ಬಂದಿದ್ದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತುಬಿಟ್ಟಳು. "ಅಮ್ಮೋ! ಇದು ನಾಯಿ ಅಲ್ಲ ಕಣಕ್ಕಾ, ಮೀ ಅತ್ತೇ, ನಿಮ್ಮತ್ತೇನೇ!"

"ಸುಮ್ನಿರಮ್ಮ. ನಮ್ಮತ್ತೆಗೆ ನಾಯಿ ಕಂಡ್ರೇ ಆಗ್ತಿರ್ಲಿಲ್ಲ."

"ಅದಕ್ಕೇ ಸ್ವಾಮಿ ನಾಯಿ ಮಾಡಿ ಕಳ್ಸವ್ನೆ."

ಕರೆದುಕೊಂಡು ಬನ್ನಿ

ಚಿಕ್ಕಬಳ್ಳಾಪುರದ ನಾಯಿ ಡಾಕ್ಟರಮ್ಮ ಚಿನ್ನಿಯ ಕಾಲು ಮಡಿಸಿ ಬಿಡಿಸಿ ನೋಡಿದರು. "ಮಂಡಿಚಿಪ್ಪು ಜಾರ್ತಾ ಇದೆ. ಹೀಗೇ ಬಿಟ್ರೆ ಸವೆದು ಸವೆದು ಕಾಲೂರೋಕೇ ಆಗಲ್ಲ. ಆಪರೇಷನ್ ಮಾಡ್ಸಿಬಿಡಿ."

"ಮತ್ತಿನ ಇಂಜೆಕ್ಷನ್ ಕೊಟ್ಟ ಮೇಲೆ ಎದ್ದೇಳ್ತಾಳಾ ಡಾಕ್ಟ್ರೇ?"

"ಸಾಮಾನ್ಯವಾಗಿ ಏಳ್ತವಮ್ಮ. ಪೂರ್ತಿ ಗ್ಯಾರಂಟಿ ಯಾರೂ ಕೊಡಲ್ಲ."

ಕುಂಟಿಯಾದರೂ ಕಣ್ಣೆದುರಿಗಿರಲಿ ಅನ್ನಲೇ? ಹಾಗೆಂದು ನೋವು ತಿನ್ನಲಿ ಅಂತ ಬಿಡಲೇ? ಬಾಯಿಲ್ಲದ ಜೀವದ ಪರವಾಗಿ ಹೂಂ ಅನ್ನೋದು ಎಷ್ಟು ಭಾರ ಅಂತ ಅವತ್ತು ತಿಳಿಯಿತು.

ಯಜಮಾನರು ತಲೆ ತಗ್ಗಿಸಿ, "ಅಮ್ಮ ಮಂಡಿ ಆಪರೇಷನ್ ಬೇಡವೇ ಬೇಡ ಅಂದಿದ್ರು" ಅಂದರು.

"ಎಲ್ಲಿದ್ದಾರೆ ನಿಮ್ಮ ತಾಯಿ? ಕರ್ಕೊಂಡು ಬನ್ನಿ, ನಾನೇ ಮಾತಾಡ್ತೀನಿ."

ಯಜಮಾನರು ಮೇಜಿನ ಮೇಲಿದ್ದ ನಾಯಿಯನ್ನು ನೋಡಿದರು. ಡಾಕ್ಟರಮ್ಮ ಮೆಲ್ಲಗೆ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

ಎರಡು ಹೂವು

ನಮ್ಮ ಕಡೆ ಮನಸ್ಸು ಇಬ್ಬಂದಿಯಾದರೆ ದೇವರ ಹತ್ತಿರ ಹೂ ಕೇಳುತ್ತೇವೆ. ಬಲಗಡೆಯ ಹೂ ಬಿದ್ದರೆ ಮಾಡು, ಎಡಗಡೆಯದು ಬಿದ್ದರೆ ಬೇಡ. ಮಂಚೇನಹಳ್ಳಿ ಹತ್ತಿರದ ನಮ್ಮ ಮನೆದೇವರ ಗುಡಿಗೆ ಹೋದೆವು. ಚಿನ್ನಿಯನ್ನು ಎತ್ತಿಕೊಂಡು ಯಜಮಾನರು ಹೊರಗೇ ನಿಂತರು. ವಿಷಯ ಕೇಳಿಕೊಂಡ ಅರ್ಚಕರು ಸ್ವಾಮಿಯ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿದರು.

"ತಂದೇ, ನನಗೆ ತಿಳಿಯದು, ನೀನೇ ಹೇಳು" ಅಂತ ಕಣ್ಣು ಮುಚ್ಚಿದೆ. ಎಷ್ಟು ಹೊತ್ತಾದರೂ ಹೂ ಅಲುಗಲಿಲ್ಲ. ದೀಪದ ಕುಡಿಯೂ ಅಲುಗಲಿಲ್ಲ. ಇದ್ದಕ್ಕಿದ್ದಂತೆ, ಒಂದು ದಿನಕ್ಕೂ ಊಳಿಡದ ಚಿನ್ನಿ ಹೊರಗೆ ಉದ್ದಕ್ಕೆ ಊಳಿಟ್ಟಳು. ಎರಡು ಹೂವೂ ಒಟ್ಟಿಗೇ ಬಿದ್ದವು.

ಅರ್ಚಕರ ಮುಖ ಬಿಳುಪೇರಿತು. "ನನ್ನ ಕಾಲದಲ್ಲಿ ಹೀಗಾಗಿದ್ದಿಲ್ಲಮ್ಮ."

"ಇದರ ಅರ್ಥ ಏನು ಸ್ವಾಮಿ?"

ಅವರು ಬಹಳ ಯೋಚಿಸಿ, "ಎರಡು ಕಾಲಿಗೂ ಮಾಡ್ಸಿ ಅಂತ ಇರಬೇಕು" ಅಂದರು. ನನಗೆ ಸನ್ನಿಧಿಯಲ್ಲೇ ನಗು ಬಂತು. ಕೆನ್ನೆ ಕೆನ್ನೆ ಬಡಿದುಕೊಂಡೆ.

ಆಮೇಲೆ ಎಕ್ಸ್‌ರೇ ನೋಡಿದ ಡಾಕ್ಟರಮ್ಮ ಹುಬ್ಬೇರಿಸಿದರು. "ಎಡಮಂಡಿನೂ ಜಾರ್ತಾ ಇದೆಯಲ್ಲಮ್ಮ! ಎರಡಕ್ಕೂ ಮಾಡ್ಬೇಕು."

"ಹೌದಂತೆ. ಆಗಲೇ ಹೇಳಿದ್ರು."

"ಎಕ್ಸ್‌ರೇ ಇಲ್ದೇನೇ? ಯಾವ ಡಾಕ್ಟ್ರು?"

"ಮಂಚೇನಹಳ್ಳಿ ಕಡೆಯವರು" ಅಂದೆ.

ಬಿಡುವು

ಸ್ವಾಮಿಯೇ ಹೇಳಿದ ಮೇಲೆ ಹಿಂದೆಮುಂದೆ ನೋಡುವುದೇನಿದೆ? ಒಪ್ಪಿದೆವು. ಒಳಗೆ ಆಪರೇಷನ್ ನಡೆಯುವಷ್ಟೂ ಹೊತ್ತು ನಾನು ಹೊರಗೆ ಬೆಂಚಿನ ಮೇಲೆ ನಾಮ ಜಪಿಸುತ್ತ ಕೂತಿದ್ದೆ. ಕಂಪೌಂಡರು ಬಾಗಿಲು ತೆಗೆದು, "ಎದ್ಲು ಕಣಮ್ಮ, ಬಾಲ ಆಡಿಸ್ತಾವ್ಳೆ" ಅಂದಾಗ ನನಗೇ ಮರುಹುಟ್ಟು ಬಂದಂತಾಯಿತು. ಮಂಡಿ ಕೂಡುವವರೆಗೆ ನೆಲಕ್ಕೆ ಬಿಡಲೇಬಾರದು ಅಂತ ಡಾಕ್ಟರಮ್ಮನ ಕಟ್ಟಪ್ಪಣೆ.

ಮನೆಗೆ ಬಂದ ಸಂಜೆ ಚಿನ್ನಿ, ಎರಡು ಹಿಂಗಾಲಿಗೂ ಬ್ಯಾಂಡೇಜು ಸುತ್ತಿಸಿಕೊಂಡು, ನನ್ನ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಯಜಮಾನರು ಪಕ್ಕದಲ್ಲೇ ಕೂತು ಅವಳ ತಲೆ ಸವರುತ್ತಿದ್ದರು. ಈ ಸಡಗರದಲ್ಲಿ ದೀಪ ಹಚ್ಚುವುದು ಮರೆತೇಹೋಗಿತ್ತು.

ಹಿಂದಿನ ಕೋಣೆಯಿಂದ ಟಕ್, ಟಕ್, ಒಂದು ಬಿಡುವು, ಟಕ್.

ಯಜಮಾನರ ಕೈ ನಿಂತಿತು. ನನ್ನ ತೊಡೆ ನೋಡಿದರು. ಚಿನ್ನಿ ಅಲ್ಲೇ ಇದ್ದಳು. ಎಚ್ಚೆತ್ತು ಕಿವಿ ನಿಮಿರಿಸಿ, ಯಾರೂ ಇಲ್ಲದ ಬಾಗಿಲ ಕಡೆ ನೋಡಿ ಬಾಲ ಆಡಿಸಿದಳು. ಸದ್ದು ನಡುಮನೆ ದಾಟಿ ದೇವರ ಮನೆಯ ಹೊಸ್ತಿಲಲ್ಲಿ ನಿಂತಿತು.

ನಾನು ಹೆದರಲಿಲ್ಲ. ಚಿನ್ನಿಯನ್ನು ಯಜಮಾನರ ಮಡಿಲಿಗೆ ಕೊಟ್ಟು, ಎದ್ದು ದೀಪ ಹಚ್ಚಿದೆ. ಕೈಮುಗಿದು ಹೇಳಿದೆ: "ತಪ್ಪಾಯ್ತು ಅತ್ತೇ, ಇವತ್ತು ತಡವಾಯ್ತು. ನೋಡಿ, ಈ ಕೂಸು ಎರಡು ಮಂಡಿಗೂ ಮಾಡಿಸ್ಕೊಂಡು ಹೆಂಗೆ ಹಾಯಾಗಿ ಮಲಗೈತೆ. ಡಾಕ್ಟರಮ್ಮ ತುಂಬಾ ಒಳ್ಳೇವ್ರು. ನಿಮ್ಮನ್ನೂ ಕರ್ಕೊಂಡು ಬನ್ನಿ ಅಂದಿದಾರೆ."



ಆಮೇಲೆ ಟಕ್‌ಟಕ್‌ಟಕ್‌ಟಕ್‌ಟಕ್, ಎಲ್ಲೂ ಬಿಡುವೇ ಇಲ್ಲದೆ, ಹಿಂದಿನ ಕೋಣೆಯವರೆಗೂ. ಬಾಗಿಲು ಧಡ್ ಅಂತ ಹಾಕಿಕೊಂಡಿತು.

ಯಜಮಾನರು ಆ ಕಡೆಗೇ ಕಿವಿಗೊಟ್ಟು ಕೂತಿದ್ದವರು, ಕಣ್ಣೊರೆಸಿಕೊಂಡು ಕೈಮುಗಿದರು.

"ಸದ್ಯ, ಅಮ್ಮನ ಮಂಡಿ ಸರಿಹೋಗಿದೆ ಕಣೇ."