ಅಳಿಯನಿಗೊಂದು ಶವರ್

ಕೈವಾರದ ಬೀಗಿತ್ತಿಯವರು ಬೆಳಿಗ್ಗೆಯೇ ಫೋನು ಮಾಡಿ ಹೇಳಿದ್ದು ಇಷ್ಟೇ: "ಮದುವೆ ದಿನ ನಮ್ಮ ಹುಡುಗನಿಗೆ ತಣ್ಣೀರು ಹುಯ್ಸಿದ್ರಿ. ಹಸೆಮಣೆ ಮೇಲೆ ಕೂತು ಸೀನಿದ್ದೇ ಸೀನಿದ್ದು. ಹೋಗ್ಲಿ ಬಿಡಿ. ಮೊದಲನೇ ದೀಪಾವಳಿಗಾದ್ರೂ ಒಂದು ಚೊಂಬು ಬಿಸಿನೀರು ಸಿಗುತ್ತೇನೋ ನೋಡಣ."

ಚೆನ್ನಾಗಿದೀರಾ ಅಂತಲೂ ಕೇಳದೆ ಇಟ್ಟುಬಿಟ್ಟರು.

ವೆಂಕಟೇಶಮೂರ್ತಿಯವರು ಚಿಕ್ಕಬಳ್ಳಾಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು. ನಲ್ಲಿ ತಿರುಗಿಸುವಾಗಲೂ ಅದಕ್ಕೆ ನೋವಾದೀತೇನೋ ಅಂತ ಮೆಲ್ಲಗೆ ತಿರುಗಿಸುವ ಜೀವ. ಅಂಥವರು ಆಯುಸ್ಸಿನಲ್ಲಿ ಒಂದೇ ಸಲ ಜಗಳವಾಡಿದ್ದರು. ಮಗಳು ಶಾಂಭವಿಯ ಮದುವೆಯ ದಿನ, ವರನ ಕೋಣೆಯ ಬಾಯ್ಲರು ಕೆಟ್ಟಿದೆಯೆಂದು ಛತ್ರದ ಮ್ಯಾನೇಜರ್ ಚೆನ್ನರಾಯಪ್ಪನ ಮೇಲೆ ಹಾರಾಡಿದ್ದರು. "ಬಾಯ್ಲರು ಚೆನ್ನಾಗೈತೆ ಸ್ವಾಮಿ, ಬೇಕಾದ್ರೆ ಮುಟ್ಟಿ ನೋಡಿ" ಅಂತ ಅವನು ಆಣೆ ಇಟ್ಟರೂ ಕೇಳಿರಲಿಲ್ಲ. ಅಂದಿನಿಂದ ಇಬ್ಬರೂ ಎದುರಾದರೆ ಒಬ್ಬರು ರಸ್ತೆ ದಾಟುತ್ತಿದ್ದರು.

ಈಗ ಸಂಜೆಗೆ ಮಗಳು, ಅಳಿಯ ಬರುವವರು. ನಾಳೆ ನರಕ ಚತುರ್ದಶಿ, ಸೂರ್ಯ ಹುಟ್ಟುವುದರೊಳಗೆ ಅಳಿಯನಿಗೆ ಎಣ್ಣೆನೀರು ಆಗಬೇಕು. ಆದರೆ ಶ್ರಾವಣದಲ್ಲಿ ಇವರು ಬಂದು ಸೇರಿದ ಈ ಹೊಸ ಫ್ಲಾಟಿನಲ್ಲಿ ಒಲೆ ಇಲ್ಲ, ಸಿಲಿಂಡರ್ ಇಲ್ಲ. ಅಡಿಗೆಯಿಂದ ಹಿಡಿದು ಸ್ನಾನದವರೆಗೆ ಎಲ್ಲ ಕರೆಂಟಿನದೇ ಅನ್ನುವುದೇ ಬಿಲ್ಡರಿನ ಹೆಮ್ಮೆ. ಸೋಲಾರ್ ಹಾಕೋಣವೆಂದರೆ ಚಾವಣಿಯನ್ನು ಮೊಬೈಲ್ ಟವರಿನವರು ಹಿಡಿದಿದ್ದರು. ಬಚ್ಚಲ ಗೋಡೆಯಿಂದ ಒಂದು ಪೈಪಿನ ತುದಿ ಮಾತ್ರ, ಯಾರಾದರೂ ಏನಾದರೂ ಹಾಕಿ ಅಂತ ಬಾಯಿ ತೆರೆದುಕೊಂಡಿತ್ತು. ಗಂಡ ಹೆಂಡಿರು ಇಷ್ಟು ದಿನ ಬಕೆಟ್ಟಿಗೆ ನೀರು ಕಾಯಿಸುವ ಕರೆಂಟಿನ ಕಾಯಿಲು ಇಳಿಬಿಟ್ಟು ಕಾಲ ಹಾಕಿದ್ದರು.

"ಅವರಿಗೆ ಶವರ್ ಇದ್ರೇನೇ ಸಮಾಧಾನ ಅಪ್ಪ. ಯಾಕೋ ಏನೋ, ಚೊಂಬು ಅಂದ್ರೆ ಮುಖ ಸಣ್ಣಗೆ ಮಾಡ್ಕೋತಾರೆ" ಅಂತ ಶಾಂಭವಿ ಮೊದಲೇ ಹೇಳಿದ್ದಳು.

ಒಂದು ತಿಂಗಳಿಂದ ಯೋಚನೆ ಮಾತ್ರ ಮಾಡುತ್ತಿದ್ದ ಮೂರ್ತಿಯವರು ಅಂಗಿ ತೊಟ್ಟು ಹೊರಟೇಬಿಟ್ಟರು. ಬಾಗಿಲಲ್ಲೇ ಎದುರು ಮನೆಯ ನರಸಿಂಹಪ್ಪ ಸಿಕ್ಕಿದರು. ಸಾದಲಿಯಲ್ಲಿ ರೇಷ್ಮೆ ಮಾಡಿ, ಈಗ ಜಮೀನನ್ನು ತಮ್ಮನಿಗೆ ಬಿಟ್ಟು ಇಲ್ಲಿ ಬಂದು ಕೂತವರು. ಕೂತವರಿಗೆ ಕೆಲಸವೇನು, ಯಾರು ಎಲ್ಲಿಗೆ ಹೊರಟರು ಅಂತ ನೋಡುವುದು.

"ಶವರಾ? ಟ್ಯಾಂಕ್ ಇರೋದನ್ನ ತರಬ್ಯಾಡಿ ಸ್ವಾಮಿ, ಅದು ಕಾಯೋದ್ರೊಳಗೆ ಹಬ್ಬ ಮುಗ್ದೋಗ್ತದೆ. ಸ್ವಿಚ್ಚು ಒತ್ತಿದ್ ತಕ್ಷಣ ಸುಡೋದು ಬತ್ತದೆ, ಅದನ್ನ ತನ್ನಿ. ನೀರು ಅಂದ್ರೆ ರೇಷ್ಮೆ ಗೂಡು ಬೇಯ್ಬೇಕು, ಹಂಗಿರ್ಬೇಕು."

"ಅಳಿಯನಿಗೆ ಸ್ನಾನ ಮಾಡಿಸ್ಬೇಕು ನರಸಿಂಹಪ್ಪನೋರೆ, ನೂಲು ತೆಗೀಬೇಕಾಗಿಲ್ಲ."

ಹಾಗೆಂದರೂ ತಂದದ್ದು ಅದನ್ನೇ. ಇಲ್ಲ ಅನ್ನುವ ವಿದ್ಯೆ ಅವರಿಗೆ ಬರುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಮುನಿವೆಂಕಟಪ್ಪ ಬಂದು ಗೋಡೆಗೆ ಜಡಿದ. ನರಸಿಂಹಪ್ಪ ತಮ್ಮದೇ ಮನೆಯ ಗೃಹಪ್ರವೇಶವೋ ಎಂಬಂತೆ ಮುಂದೆ ನಿಂತು ಸ್ವಿಚ್ಚು ಒತ್ತಿದರು. ಬಿಸಿನೀರು ಬಂದದ್ದು ನಿಜ. ಆದರೆ ಮರುಗಳಿಗೆಗೇ ಟಪ್ಪೆಂದು ಮನೆಯ ಕರೆಂಟೆಲ್ಲ ಹೋಯಿತು.

ಅಡಿಗೆಮನೆಯಿಂದ ಹೆಂಡತಿ ಪದ್ಮಮ್ಮನ ದನಿ ಬಂತು. "ರೀ, ಕಜ್ಜಾಯ ಬಾಣಲೇಲಿತ್ತು."

ಬಾಣಲೆಯ ಎಣ್ಣೆ ಆರಿ, ಕಜ್ಜಾಯಗಳು ಮಳೆಗೆ ಸಿಕ್ಕ ಬೆರಣಿಯ ಹಾಗೆ ಮೆತ್ತಗೆ ಮುಳುಗಿ ಕೂತಿದ್ದವು.

"ಮನೆಗೆ ಕೊಟ್ಟಿರೋದು ಮೂರು ಕಿಲೋವ್ಯಾಟು ಸಾರ್" ಎಂದ ಮುನಿವೆಂಕಟಪ್ಪ. "ಇದೊಂದೇ ಅಷ್ಟು ಎಳಿತದೆ. ಅಮ್ಮನೋರ ಸ್ಟವ್ವು ಬೇರೆ."

"ಮೊದ್ಲೇ ಹೇಳ್ಬಾರ್ದೇನಪ್ಪ?"

"ದೊಡ್ಡೋರು ಮಾತಾಡ್ತಿದ್ರಲ್ಲ ಸಾರ್, ಮಧ್ಯೆ ಬಾಯಿ ಹಾಕಬಾರ್ದು ಅಂತ."

ಬಿಚ್ಚಿ ಡಬ್ಬಿಗೆ ತುಂಬಿ ಮತ್ತೆ ಬಿ.ಬಿ. ರಸ್ತೆಯ ಅಂಗಡಿಗೆ ಹೋದದ್ದಾಯಿತು. ಅಂಗಡಿಯವನು ಅದನ್ನು ತಲೆಕೆಳಗು ಮಾಡಿದ. ಗಾಜಿನ ಕೌಂಟರಿನ ಮೇಲೆ ಎರಡು ತೊಟ್ಟು ಬಿದ್ದವು.

"ಇದು ನೀರು ಕಂಡಿದೆಯಲ್ಲ ಸಾರ್."

"ಶವರ್ ಅಂದ್ಮೇಲೆ ನೀರು ಕಾಣ್ದೆ ಇನ್ನೇನಪ್ಪ ಕಾಣುತ್ತೆ" ಅಂದರು ಮೂರ್ತಿಯವರು. ತಮ್ಮ ಬಾಯಿಂದ ಇಂಥ ಮಾತು ಬಂತಲ್ಲ ಎಂದು ಅವರಿಗೇ ಗಾಬರಿಯಾಯಿತು. ಅಂಗಡಿಯವನು ನಕ್ಕು ವಾಪಸು ತೆಗೆದುಕೊಂಡ.

ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಸೆಕ್ರೆಟರಿ ರಮೇಶ್‌ಬಾಬು ಅಂಗಡಿಗೇ ಬಂದಿಳಿದರು. ಸುದ್ದಿ ಅಷ್ಟು ಬೇಗ ಹೋಗಿತ್ತು. "ಏಮಂಡಿ ಮೂರ್ತಿಗಾರು, ನನ್ನ ಒಂದು ಮಾತು ಕೇಳಬಾರ್ದಾ? ಗೀಸರು ಯಾವುದಾದ್ರೂ ತಗೊಳಿ, ನಾನು ಬೇಡ ಅನ್ನಲ್ಲ. ಮೇಲೆ ಮಾತ್ರ ದೊಡ್ಡದು ಹಾಕ್ಸಿ. ಇದೋ ನೋಡಿ, ಊಟದ ತಟ್ಟೆ ಇದ್ದಂಗಿದೆ. ಮಳೆ ಬಂದಂಗೆ ಬೀಳ್ತದೆ. ಅಲ್ಲುಡು, ಅದೇ ನಿಮ್ಮ ಅಳಿಯ, ನಿಮ್ಮನ್ನ ಜನ್ಮದಲ್ಲಿ ಮರೆಯಲ್ಲ."

ಸರಿ, ಸ್ಟವ್ವು ಆರಿಸಿಕೊಂಡರೆ ತಡೆಯುವಂಥ ಒಂದು ಟ್ಯಾಂಕ್ ಗೀಸರು, ಅದರ ಜೊತೆಗೆ ಊಟದ ತಟ್ಟೆಯಷ್ಟು ಅಗಲದ ಶವರು ಬಂದವು. ಮುನಿವೆಂಕಟಪ್ಪ ಮತ್ತೆ ಏಣಿ ಹತ್ತಿದ. ಈ ಸಲ ಕರೆಂಟು ಹೋಗಲಿಲ್ಲ. ಮಳೆಯೂ ಬರಲಿಲ್ಲ. ಇವರದು ಮೇಲಿನ ಮಹಡಿ, ನೀರಿನ ಟ್ಯಾಂಕು ತಲೆಯ ಮೇಲೇ. ಬೀಳುವ ನೀರಿಗೆ ರಭಸವೇ ಇಲ್ಲ. ಅಷ್ಟಗಲದ ತಟ್ಟೆಯಿಂದ ಲಿಂಗದ ಮೇಲೆ ತೂಗುಹಾಕಿದ ಧಾರಾಪಾತ್ರೆಯ ಹಾಗೆ ತೊಟ್ಟು, ತೊಟ್ಟು, ತೊಟ್ಟು.

ಪದ್ಮಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ನೋಡಿದರು. "ಇದ್ರ ಕೆಳಗೆ ಅಳಿಯಂದಿರನ್ನ ಕೂರ್ಸಿ ರುದ್ರ ಹೇಳಿಸ್ಬೇಕಷ್ಟೆ."

ಮೂರನೆಯ ಸಲ ಮೂರ್ತಿಯವರು ಯಾರಿಗೂ ಹೇಳದೆ, ಹಿಂದಿನ ಗೇಟಿನಿಂದ, ತಟ್ಟೆಯನ್ನು ಪಂಚೆಯಲ್ಲಿ ಸುತ್ತಿಕೊಂಡು ಹೋದರು. ಅಂಗೈ ಅಗಲದ, ಕೈಯಲ್ಲಿ ಹಿಡಿಯುವ ಒಂದು ಸಣ್ಣ ಶವರು ತಂದರು. ಸಣ್ಣ ಬಾಯಿ, ಒತ್ತಾದ ಧಾರೆ. ಗೀಸರು ಹರಿಕತೆಗೆ ಮುಂಚೆ ದಾಸರು ಗಂಟಲು ಸರಿಮಾಡಿಕೊಂಡ ಹಾಗೆ ಒಮ್ಮೆ ಗುರ್ರೆಂದು, ಹದವಾದ ಬಿಸಿನೀರು ಕೊಟ್ಟಿತು. ಮೂರ್ತಿಯವರು ಆ ನೀರಿನಲ್ಲಿ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದರು. ಕೈವಾರದ ಕಡೆಗೆ ತಿರುಗಿ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿದರು.

ನಿಯಮ ಒಂದೇ: ಸ್ಟವ್ವು ಆರಿಸಿ ಗೀಸರು ಹಾಕಬೇಕು. ನಾಳೆ ಬೆಳಗಿನ ಜಾವ ನಾಲ್ಕಕ್ಕೆ ಸರಿಯಾಗಿ ಹಾಕಿದರೆ ಹಚ್ಚಿದ ಎಣ್ಣೆ ಮೈಗಿಳಿಯುವ ಹೊತ್ತಿಗೆ ನೀರು ಸಿದ್ಧ. ಇದನ್ನು ಮೆಟ್ಟಿಲಲ್ಲಿ ಸಿಕ್ಕ ರಮೇಶ್‌ಬಾಬುಗೆ ಹೇಳಿದ್ದೇ ತಪ್ಪಾಯಿತು.

ಸಂಜೆ ಅಳಿಯ ಗಣೇಶ್ ಪ್ರಸಾದ್ ಬಂದ. ಮಾತು ಕಡಿಮೆ, ನಗು ಜಾಸ್ತಿ. ಬಂದವನೇ ಬಚ್ಚಲಿಗೆ ಇಣುಕಿ ನೋಡಿ, "ಶವರ್ ಹಾಕ್ಸಿದೀರಾ ಮಾವ? ತುಂಬಾ ಒಳ್ಳೇದಾಯ್ತು" ಅಂದ. ಅವನ ಮುಖದಲ್ಲಿ ಎದ್ದು ಕಾಣುವ ಹಾಗೆ ನೆಮ್ಮದಿ ಇತ್ತು. ಮೂರ್ತಿಯವರ ಕಣ್ಣು ಒದ್ದೆಯಾಯಿತು.

ಅಂದು ನೀರು ತುಂಬುವ ಹಬ್ಬ. ಹಂಡೆಯನ್ನು ಬೆಳಗಿ, ಹೊಸ ನೀರು ತುಂಬಿ, ಪೂಜೆ ಮಾಡುವ ಸಂಜೆ. ಹಂಡೆ ಇಲ್ಲವಲ್ಲ, ಪದ್ಮಮ್ಮ ಸ್ಟೂಲು ಹತ್ತಿ ಗೀಸರಿಗೇ ಅರಿಶಿನ ಕುಂಕುಮ ಇಟ್ಟು, ಹಾಗಲಬಳ್ಳಿ ಸುತ್ತಿ ಆರತಿ ಎತ್ತಿದರು.

"ಇವತ್ತೇ ಒಂದ್ಸಲ ಕಾಯಿಸಿ ಇಟ್ಬಿಡ್ಲಾ?" ಅಂದರು ಮೂರ್ತಿಯವರು.

"ಪೂಜೆ ಆದ ನೀರನ್ನ ಬೆಳಗಿನ ಜಾವದ ತನಕ ಮುಟ್ಟಬಾರ್ದು. ನಿಮಗೆ ಯಾವಾಗ್ಲೂ ಆತುರ."

ಅದೇ ಹೊತ್ತಿಗೆ ಅಪಾರ್ಟ್‌ಮೆಂಟಿನ ವಾಟ್ಸಾಪಿನಲ್ಲಿ ರಮೇಶ್‌ಬಾಬು ಬರೆದರು: 'ಎಲ್ಲರಿಗೂ ಹಬ್ಬದ ಶುಭಾಶಯ. ಮೂರ್ತಿಯವರು ಪ್ರಯೋಗ ಮಾಡಿ ಕಂಡುಹಿಡಿದ ಪ್ರಕಾರ ನಾಳೆ ಎಲ್ಲ ಮನೆಯವರೂ ಸರಿಯಾಗಿ ನಾಲ್ಕು ಗಂಟೆಗೆ ಸ್ಟವ್ ಆರಿಸಿ ಗೀಸರ್ ಹಾಕತಕ್ಕದ್ದು.' ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ಮೂರ್ತಿಯವರು ನಾಚಿಕೊಂಡು ತಾವೂ ಒಂದು ಕೈಮುಗಿದರು.

ಬೆಳಗಿನ ಜಾವ ಪದ್ಮಮ್ಮ ಅಳಿಯನನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆ ಶಾಸ್ತ್ರ ಮಾಡಿ, ಬಟ್ಟಲಲ್ಲಿ ಉಳಿದದ್ದನ್ನು ಗಂಡನ ತಲೆಗೆ ತಟ್ಟಿದರು. ನಾಲ್ಕು ಹೊಡೆಯಿತು. ಮೂರ್ತಿಯವರು ದೇವರ ಹೆಸರು ಹೇಳಿ ಸ್ವಿಚ್ಚು ಒತ್ತಿದರು. ಅದೇ ಗಳಿಗೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಎಲ್ಲ ಮನೆಗಳಲ್ಲೂ ಶಿಸ್ತಾಗಿ ಸ್ವಿಚ್ಚು ಒತ್ತಿದರು. ರಸ್ತೆಯ ಮೂಲೆಯ ಟ್ರಾನ್ಸ್‌ಫಾರ್ಮರಿನಿಂದ ಢಮ್ಮೆಂದು ಸದ್ದು ಬಂತು.

"ಪಟಾಕಿ ಶುರು ಮಾಡಿದ್ರು" ಅಂದಳು ಶಾಂಭವಿ. ಹೇಳಿ ಮುಗಿಸುವುದರೊಳಗೆ ಕತ್ತಲಾಯಿತು.

ಒಲೆಯಿಲ್ಲದ ಮನೆ, ಎಣ್ಣೆಯಲ್ಲಿ ಮುಳುಗಿದ ಅಳಿಯ. ಮೂರ್ತಿಯವರಿಗೆ ಆ ಕತ್ತಲಲ್ಲಿ ಬೀಗಿತ್ತಿಯವರ ಮುಖ ಮಾತ್ರ ಸ್ಪಷ್ಟವಾಗಿ ಕಂಡಿತು. ಬಾಲ್ಕನಿಗೆ ಓಡಿದರೆ, ಕಟ್ಟಡದ ಹಿಂದೆ ವಾಚ್‌ಮನ್ ಆವುಲಪ್ಪನ ಶೆಡ್ಡಿನ ಮುಂದೆ ಬೆಂಕಿ ಉರಿಯುತ್ತಿತ್ತು. ಅವನ ಹೆಂಡತಿ ಓಬಳಮ್ಮ ಮೂರು ಕಲ್ಲಿನ ಮೇಲೆ ಹಂಡೆ ಇಟ್ಟಿದ್ದಳು.

"ಬಂದೆ ಅಳಿಯಂದಿರೇ, ಹಾಗೇ ಕೂತಿರಿ" ಎಂದು ಬಕೆಟ್ಟು ಹಿಡಿದು ಕತ್ತಲ ಮೆಟ್ಟಿಲು ಇಳಿದರು. ಆ ಉಪಾಯ ಅವರೊಬ್ಬರಿಗೇ ಹೊಳೆದಿರಲಿಲ್ಲ. ಎಣ್ಣೆ ಮೆತ್ತಿದ ಮೈಗಳು ಪಂಚೆ, ಟವೆಲುಗಳಲ್ಲಿ ಗೋಡೆ ಹಿಡಿದು ಜಾರುತ್ತಾ, ಒಬ್ಬರನ್ನೊಬ್ಬರು ಹಿಡಿಯಲು ಹೋಗಿ ಇಬ್ಬರೂ ಜಾರುತ್ತಾ ಇಳಿಯುತ್ತಿದ್ದವು. ನರಸಿಂಹಪ್ಪ ಮುಂದಿದ್ದರು.

ಓಬಳಮ್ಮ ಹಂಡೆಗೆ ಅಡ್ಡ ನಿಂತಳು. "ಒಬ್ಬೊಬ್ರಾಗಿ ಬರ್ರಿ. ಅಳಿಯ ಬಂದಿರೋ ಮನೆಗೆ ಮೊದ್ಲು. ಮೂರ್ತಪ್ಪನೋರೆ, ಹಿಡೀರಿ."

ತುಂಬಿದ ಬಕೆಟ್ಟು, ಕರೆಂಟಿಲ್ಲದೆ ನಿಂತ ಲಿಫ್ಟು, ಮೇಲಿನ ಮಹಡಿ. ಪಾಲು ಸಿಗದ ನರಸಿಂಹಪ್ಪ ಟಾರ್ಚು ಹಿಡಿದು ಹಿಂದೆ ಬಂದರು. "ಮೆಲ್ಲಕೆ ಸ್ವಾಮಿ. ಅಯ್ಯೋ, ಚೆಲ್ತು ನೋಡಿ." ತಮ್ಮ ಪಾದದ ಮೇಲೆ ಚೆಲ್ಲಿದ್ದೂ ಮೂರ್ತಿಯವರಿಗೆ ಸಂತೋಷವೇ. ಅಷ್ಟು ಬಿಸಿಯಿತ್ತು.

ಬಾಗಿಲು ತೆಗೆದರೆ ಗಣೇಶ್ ಪ್ರಸಾದ್ ತಲೆ ಒರೆಸಿಕೊಳ್ಳುತ್ತಾ ನಿಂತಿದ್ದ. ಟಾರ್ಚಿನ ಬೆಳಕಿಗೆ ಮೈಯೆಲ್ಲ ಹೊಳೆಯುತ್ತಿತ್ತು.

"ಶವರ್ ತುಂಬಾ ಚೆನ್ನಾಗಿದೆ ಮಾವ."

"ಆದ್ರೆ... ನೀರು?"

ಅಳಿಯ ಅವರನ್ನು ಕೋಣೆಯೊಳಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದ. "ನಂಗೆ ಬಿಸಿನೀರು ಆಗೋದೇ ಇಲ್ಲ ಮಾವ, ಚಿಕ್ಕಂದಿನಿಂದ. ಅಮ್ಮ ದಿನಾ ಎದ್ದು ಪ್ರೀತಿಯಿಂದ ಕಾಯಿಸಿ ಇಡ್ತಾಳೆ. ಅದನ್ನ ಬಚ್ಚಲಿಗೆ ಚೆಲ್ಲಿ ತಣ್ಣೀರು ಹಾಕ್ಕೋತೀನಿ. ಶವರ್ ಆದ್ರೆ ಬಿಸಿನೋ ತಣ್ಣಗೋ ಹೊರಗಿರೋರಿಗೆ ಗೊತ್ತಾಗಲ್ಲ ನೋಡಿ."

"ಹಾಗಾದ್ರೆ ಮದುವೆ ದಿನ ಬಾಯ್ಲರು..."

"ನಾನೇ ಆಫ್ ಮಾಡಿದ್ದೆ."

"ಸೀನು?"

"ಆ ಸುಗಂಧರಾಜದ ಹಾರಕ್ಕೆ. ನಂಗೆ ಅದರ ವಾಸನೆ ಆಗಲ್ಲ. ಅಮ್ಮನೇ ಆರಿಸಿ ಕಟ್ಟಿಸಿದ್ದು. ದಯವಿಟ್ಟು ಯಾರಿಗೂ ಹೇಳಬೇಡಿ ಮಾವ, ಇಷ್ಟು ವರ್ಷ ಚೆಲ್ಲಿದೀನಿ ಅಂತ ಗೊತ್ತಾದ್ರೆ ತುಂಬಾ ನೊಂದ್ಕೋತಾಳೆ."

ಮೂರ್ತಿಯವರು ಹೇಳಲ್ಲ ಎಂದು ಮಾತು ಕೊಟ್ಟರು. ಅವರ ಕಣ್ಣ ಮುಂದೆ ಛತ್ರದ ಚೆನ್ನರಾಯಪ್ಪ ಬಂದು ನಿಂತ. ಅಷ್ಟರಲ್ಲಿ ಹಾಲಿನಲ್ಲಿ ಫೋನು. ಕೈವಾರದಿಂದ. ಪದ್ಮಮ್ಮ ಸ್ಪೀಕರ್ ಹಾಕಿದರು.

"ಆಯ್ತಾ ಬೀಗರೇ, ನಮ್ಮ ಹುಡುಗನ ಎಣ್ಣೆನೀರು? ಬಿಸಿ ಇತ್ತಾ?"

ಮೂರ್ತಿಯವರು ಬಾಯಿ ತೆರೆಯುವ ಮುಂಚೆ ನರಸಿಂಹಪ್ಪ ಬಾಗಿಲಿನಿಂದಲೇ ಉಪಕಾರ ಮಾಡಿದರು. "ಎಲ್ಲಿ ಬಿಸಿ ತಾಯಿ, ಕರೆಂಟೇ ಇಲ್ಲ. ನೀವು ಕೇಳೋ ಬಿಸಿನೀರು ಕೆಳಗಡೆ ವಾಚ್‌ಮನ್ ಹಂಡೇಲೈತೆ ನೋಡಿ."

ಅಳಿಯ ಮಾವನ ಕಡೆ ನೋಡಿದ. ಕೊಟ್ಟ ಮಾತು ಮಾತೇ. ಮೂರ್ತಿಯವರು ಫೋನಿಗೆ ಬಾಗಿದರು. "ಹೌದು ಬೀಗಿತ್ತಿಯವರೇ. ತಣ್ಣೀರೇ ಆಯ್ತು. ತಪ್ಪು ನಮ್ದೇ."

ಬೀಗಿತ್ತಿಯವರ ಮಾತು ಶುರುವಾದ ಮೇಲೆ ಅವರು ಮೆಲ್ಲಗೆ ಬಚ್ಚಲ ಕಡೆ ನಡೆದರು. ತಮ್ಮ ತಲೆಯ ಎಣ್ಣೆ ಹಣೆಗಿಳಿಯುತ್ತಿತ್ತು. ಬಂದಾಗ ಮುಂಬಾಗಿಲ ಬಳಿ ಇಟ್ಟ ಆ ಬಕೆಟ್ಟಾದರೂ ತಮಗಾಯಿತಲ್ಲ ಎಂದು ದಾರಿಯಲ್ಲಿ ಅತ್ತ ಕೈ ಚಾಚಿದರೆ ಬಕೆಟ್ಟಿಲ್ಲ. ಎದುರು ಮನೆಯ ಬಚ್ಚಲಿನಿಂದ ನರಸಿಂಹಪ್ಪನ "ಆಹಾ" ಕೇಳಿಸಿತು.

ಇನ್ನು ಉಳಿದದ್ದು ಶವರ್. ಹಾಗಲಬಳ್ಳಿ ಸುತ್ತಿಕೊಂಡ ಗೀಸರಿನ ಕೆಳಗೆ ನಿಂತು ತಿರುಗಿಸಿದರು. ಕಾರ್ತಿಕಕ್ಕೆ ಮುಂಚಿನ ಚಳಿಯ ನೀರು ನೆತ್ತಿಯಿಂದ ಬೆನ್ನಿಗೆ ಸೂಜಿಯ ಹಾಗೆ ಇಳಿಯಿತು. ಮನೆಯ ಕಿಟಕಿಗಳು ನಡುಗುವಂಥ ಒಂದು ಸೀನು ಬಂತು.

ಹಾಲಿನಲ್ಲಿ ಬೀಗಿತ್ತಿಯವರ ಮಾತು ನಿಂತಿತು. "ಕೇಳಿಸ್ತು ಬಿಡಿ ಪದ್ಮಮ್ಮನವ್ರೇ. ಹೆತ್ತವಳಿಗೆ ಮಗನ ಸೀನು ಗೊತ್ತಾಗಲ್ವೇ?"

"ಅಮ್ಮ, ಅದು ನಾನಲ್ಲ" ಅಂದ ಗಣೇಶ್ ಪ್ರಸಾದ್.

"ಸುಮ್ನಿರಪ್ಪ, ಮಾವನ ಮನೇನ ಬಿಟ್ಕೊಡಬಾರ್ದು ಅಂತ ಹೇಳ್ತೀಯ. ಸಂಕ್ರಾಂತಿಗೆ ನಾನೇ ಬರ್ತೀನಿ. ಹಂಡೆ ತರ್ತೀನಿ, ಸೌದೆ ತರ್ತೀನಿ, ನಿಂತು ಸುಡೋ ನೀರು ಹುಯ್ತೀನಿ. ಆರತಿಗೆ ಮದುವೇಲಿ ಹಾಕಿದ್ನಲ್ಲ, ಅಂಥದೇ ಒಂದು ದಪ್ಪನೆ ಸುಗಂಧರಾಜದ ಹಾರಾನೂ ಕಟ್ಟಿಸ್ಕೊಂಡು ಬರ್ತೀನಿ. ಆಗ ಅದ್ಹೇಗೆ ಸೀನ್ತಾನೋ ನೋಡೇಬಿಡಣ ಪದ್ಮಮ್ಮನವ್ರೇ."

ಒಳಗೆ ಮೂರ್ತಿಯವರು ಎರಡನೆಯ ಸೀನನ್ನು ಟವೆಲಿನಲ್ಲಿ ಅದುಮಿ ಹಿಡಿದರು. ಅಷ್ಟರಲ್ಲಿ ಕರೆಂಟು ಬಂತು.